ಒಂದು ಪ್ರಯಾಣ, ಮೂರು ಟಿಕೆಟ್

ಸನತ್‌ನಗರದಲ್ಲಿರುವ ಕನ್ನಡಿಗರೊಬ್ಬರು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಕ್ಕೆ ಹೊರಟರು ಎನ್ನಿ. ಎರ್ರಗಡ್ಡದಲ್ಲಿ ಮೆಟ್ರೊ ಹತ್ತಿದರೆ ಕೋಠಿ ಬಳಿಯ ಉಸ್ಮಾನಿಯಾ ಮೆಡಿಕಲ್ ಕಾಲೇಜು ನಿಲ್ದಾಣದವರೆಗೆ ಒಂದೇ ಗಾಡಿ, ಅಲ್ಲಿಂದ ಮುಂದೆ ಆಟೊ. ಭರತ್‌ನಗರದಲ್ಲಿ ಎಂಎಂಟಿಎಸ್ ಲೋಕಲ್ ರೈಲು ಹಿಡಿದರೆ ಕಾಚಿಗುಡ ಸ್ಟೇಷನ್ನಿನಲ್ಲೇ ಇಳಿಯಬಹುದು. ಆದರೆ ಫಲಕ್‌ನುಮಾ ಕಡೆಗೆ ಹೋಗುವ ಗಾಡಿಯೇ ಬರಬೇಕು, ಅದು ಬರುವ ತನಕ ಪ್ಲಾಟ್‌ಫಾರ್ಮಿನಲ್ಲಿ ಕೂತಿರಬೇಕು. ಆರ್‌ಟಿಸಿ ಬಸ್ಸಾದರೆ ಕೋಠಿಯಲ್ಲಿಳಿದು ಇನ್ನೊಂದು ಬಸ್ಸು. ಸ್ವಂತ ಕಾರಿದ್ದರೆ ಮನೆ ಬಾಗಿಲಿನಿಂದ ನೇರ ಪ್ರಯಾಣ. ಪಂಜಗುಟ್ಟದ ಸಿಗ್ನಲ್ ದಾಟಿ, ಕಾಚಿಗುಡದ ಓಣಿಗಳಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವುದೊಂದು ಪಾಡು.

ಈ ನಾಲ್ಕು ದಾರಿಗಳಲ್ಲಿ ಸರ್ಕಾರ ಯಾವುದಕ್ಕೆ ದುಡ್ಡು ಸುರಿಯಬೇಕು, ಜನರನ್ನು ಯಾವುದರ ಕಡೆಗೆ ಎಳೆಯಬೇಕು ಎಂಬ ವಾದ ಹೈದರಾಬಾದಿನಲ್ಲಿ ಕಾಲು ಶತಮಾನದಿಂದ ನಡೆದಿದೆ. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಬೇಕೋ ಬೇಡವೋ ಎಂದು ನಡೆದಿರುವುದೂ ಇದೇ ವಾದ. ದ್ವೀಪ ದೇಶಗಳು ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದವು. ಸಿಂಗಪುರ, ಶ್ರೀಲಂಕಾ, ಮಾರಿಷಸ್, ಮಾಲ್ಟಾಗಳಲ್ಲಿ ನೆಲ ಸಮುದ್ರಕ್ಕೆ ಬಂದು ಮುಗಿಯುತ್ತದೆ, ಊರನ್ನು ಹಿಗ್ಗಿಸುತ್ತ ಹೋಗಲು ಬರುವುದಿಲ್ಲ. ಆದ್ದರಿಂದ ಸನತ್‌ನಗರದ ಲೆಕ್ಕ ಹೇಳುವಾಗ ಆ ದೇಶಗಳ ಅನುಭವವನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ರೈಲು, ಬಸ್ಸು ಒಂದೇ ಮನೆಯಲ್ಲಿದ್ದ ಕಾಲ

ಸನತ್‌ನಗರದ ಪಕ್ಕದಲ್ಲಿ ಹಾದುಹೋಗುವ ಹಳಿ ನಮಗೆ ಹೊಸದಲ್ಲ. ಅದು 1874ರಲ್ಲಿ ಕಲಬುರಗಿ ಸೀಮೆಯ ವಾಡಿಯಿಂದ ಸಿಕಂದರಾಬಾದಿಗೆ ಬಂದ ದಾರಿ. ಮುಂಬೈ–ಮದ್ರಾಸ್ ಮುಖ್ಯ ಮಾರ್ಗದಿಂದ ನಿಜಾಮರ ರಾಜಧಾನಿಗೆ ತೆಗೆದ ಕವಲು ಅದು. ಕಲಬುರಗಿ, ರಾಯಚೂರು, ಬೀದರಿನ ಜನ ಓದಿಗೆ, ನೌಕರಿಗೆ, ಕೋರ್ಟಿಗೆ ಹೈದರಾಬಾದಿಗೆ ಬರುತ್ತಿದ್ದ ಕಾಲದಲ್ಲಿ ಸಾವಿರಾರು ಮಂದಿಗೆ ಊರು ತೋರಿಸಿದ್ದೂ ಇದೇ ಹಳಿ. ಬೀದರ್, ಹುಮನಾಬಾದ್ ಕಡೆಯ ಬಸ್ಸುಗಳು ಮುಂಬೈ ಹೆದ್ದಾರಿಯಲ್ಲಿ ಮಿಯಾಪುರ, ಕೂಕಟ್‌ಪಲ್ಲಿ, ಭರತ್‌ನಗರ, ಎರ್ರಗಡ್ಡ ದಾಟಿ ಒಳಗೆ ಹೋಗುತ್ತವೆ. ಹೀಗೆ ಕಲ್ಯಾಣ ಕರ್ನಾಟಕದ ಹಳಿಯೂ ರಸ್ತೆಯೂ ಸನತ್‌ನಗರವನ್ನು ಸವರಿಕೊಂಡೇ ನಗರ ಸೇರುತ್ತವೆ.

1930ರಲ್ಲಿ ನಿಜಾಮ್ ಸರ್ಕಾರ ರೈಲನ್ನು ಕಂಪನಿಯ ಕೈಯಿಂದ ತಾನೇ ವಹಿಸಿಕೊಂಡಿತು. ಎರಡು ವರ್ಷಗಳ ಬಳಿಕ, 1932ರಲ್ಲಿ, ಅದೇ ರೈಲ್ವೆಯ ಒಂದು ವಿಭಾಗವಾಗಿ 27 ಬಸ್ಸು, 166 ನೌಕರರೊಂದಿಗೆ ರಸ್ತೆ ಸಾರಿಗೆ ಶುರುವಾಯಿತು. ಈ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ರೈಲು ಮತ್ತು ಬಸ್ಸಿಗೆ ಒಬ್ಬನೇ ಯಜಮಾನ. ರೈಲು ಮುಟ್ಟದ ಊರಿಗೆ ಬಸ್ಸು ಕಳಿಸುವುದು, ಬಸ್ಸಿನ ಜನರನ್ನು ರೈಲಿಗೆ ತಂದು ಸೇರಿಸುವುದು ಎರಡನ್ನೂ ಒಂದೇ ಕಚೇರಿ ನೋಡಿಕೊಳ್ಳುತ್ತಿತ್ತು.

ಆಮೇಲೆ ಮನೆ ಪಾಲಾಯಿತು. ರೈಲು ಕೇಂದ್ರ ಸರ್ಕಾರಕ್ಕೆ ಸೇರಿ 1951ರಲ್ಲಿ ಮಧ್ಯ ರೈಲ್ವೆಯಲ್ಲಿ ಕರಗಿತು; ಬಸ್ಸು ಹೈದರಾಬಾದ್ ರಾಜ್ಯಕ್ಕೆ ಉಳಿಯಿತು. 1956ರಲ್ಲಿ ರಾಜ್ಯವೇ ಮೂರಾಗಿ ಹಂಚಿಹೋದಾಗ ಕಲಬುರಗಿ, ಬೀದರ್, ರಾಯಚೂರಿನ ಬಸ್ಸುಗಳು ಮೈಸೂರಿನ ಪಾಲಾದವು. ಹೈದರಾಬಾದಿನ ಬಸ್ಸುಗಳು 1958ರ ಜನವರಿಯಲ್ಲಿ ಆಂಧ್ರಪ್ರದೇಶ ರಸ್ತೆ ಸಾರಿಗೆ ನಿಗಮಕ್ಕೆ ಹೋದವು. ಅದೇ ತಿಂಗಳ ಮೊದಲ ದಿನ ಶ್ರೀಲಂಕಾದಲ್ಲಿ ಖಾಸಗಿ ಬಸ್ಸುಗಳನ್ನೆಲ್ಲ ರಾಷ್ಟ್ರೀಕರಿಸಿ ಸಿಲೋನ್ ಸಾರಿಗೆ ಮಂಡಳಿ ಹುಟ್ಟಿತು. ಬಸ್ಸು ಓಡಿಸುವುದು ಸರ್ಕಾರದ ಕೆಲಸ ಎಂದು ನಂಬಿದ್ದ ಕಾಲ ಅದು.

ಸನತ್‌ನಗರದವರಿಗೆ ಆಗ ಈ ಸಾರಿಗೆಯ ಗೊಡವೆ ಹೆಚ್ಚಿರಲಿಲ್ಲ. ಕಾರ್ಖಾನೆಗಳಿಗಾಗಿಯೇ ಬೆಳೆದ ಬಡಾವಣೆ ಇದು. 1942ರಲ್ಲಿ ಶುರುವಾದ ಆಲ್ವಿನ್ ಇಲ್ಲಿ ಬಸ್ಸಿನ ಬಾಡಿ ಕಟ್ಟಿತು, ಮುಂದೆ ಫ್ರಿಜ್ಜು, ಕೈಗಡಿಯಾರಗಳನ್ನೂ ಮಾಡಿತು. ಎಸ್‌ಆರ್‌ಟಿ ಕ್ವಾರ್ಟರ್ಸಿನ ಒಂದು ಕೋಣೆಯ ಮನೆಗಳಿಂದ ಕಾರ್ಮಿಕರು ಶಿಫ್ಟಿಗೆ ನಡೆದೇ ಹೋಗುತ್ತಿದ್ದರು. ಕಾಯಿಲೆ ಬಿದ್ದರೆ ಇಎಸ್‌ಐ ಆಸ್ಪತ್ರೆಯೂ ಹತ್ತಿರವೇ. 1990ರ ದಶಕದಲ್ಲಿ ಆಲ್ವಿನ್ ಮುಳುಗಿತು. 1998ರಲ್ಲಿ ಪಶ್ಚಿಮಕ್ಕೆ ಸೈಬರ್ ಟವರ್ಸ್ ಎದ್ದಿತು. ಕೆಲಸ ಹೈಟೆಕ್ ಸಿಟಿಗೆ ಹೋಯಿತು, ಮನೆ ಇಲ್ಲೇ ಉಳಿಯಿತು. ಸಾರಿಗೆಯ ತೊಡಕು ಹುಟ್ಟಿದ್ದು ಈ ಅಂತರದಲ್ಲಿ.

ರಸ್ತೆ ಅಗಲವಾಗಲಿ ಎನ್ನುವವರು

ಮೊದಲ ಪಂಥದವರ ವಾದ ಸರಳ. ವಾಹನ ಹೆಚ್ಚಿವೆ, ರಸ್ತೆ ಹೆಚ್ಚಿಲ್ಲ, ಹೆಚ್ಚಿಸಿ. ಹೈದರಾಬಾದ್ ಈ ಮಾತನ್ನು ದೇಶದ ಬೇರೆ ಯಾವ ನಗರಕ್ಕೂ ಕಡಿಮೆಯಿಲ್ಲದಂತೆ ನಡೆಸಿಕೊಟ್ಟಿದೆ. 158 ಕಿಲೋಮೀಟರಿನ ಹೊರವರ್ತುಲ ರಸ್ತೆ, 2009ರಲ್ಲಿ ತೆರೆದ 11 ಕಿಲೋಮೀಟರಿಗೂ ಉದ್ದದ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ, 2020ರಲ್ಲಿ ದುರ್ಗಂ ಚೆರುವಿನ ಕೇಬಲ್ ಸೇತುವೆ, 2021ರಲ್ಲಿ ಸನತ್‌ನಗರದ ನೆರೆಯ ಬಾಲಾನಗರದ ಫ್ಲೈಓವರ್.

ಇದರಿಂದ ಉಪಯೋಗವಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಮುಂಬೈಯಿಂದ ವಿಜಯವಾಡಕ್ಕೆ ಹೋಗುವ ಲಾರಿಗೆ ಈಗ ಎರ್ರಗಡ್ಡ ಹೊಕ್ಕು ಬರುವ ದರ್ದಿಲ್ಲ. ಆಂಬುಲೆನ್ಸಿಗೂ ಬಸ್ಸಿಗೂ ಬೇಕಾಗುವುದು ಇದೇ ರಸ್ತೆ. ಬಾಲಾನಗರದ ಚೌಕದಲ್ಲಿ ಮುಂಚೆ ಇದ್ದ ಗೋಳು ಕಂಡವರು ಆ ಫ್ಲೈಓವರನ್ನು ಬೈಯಲಾರರು.

ಈ ಪಂಥ ಉತ್ತರ ಕೊಡಲಾಗದ ಜಾಗ ಒಂದಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ 1962ರಲ್ಲೇ ಎಚ್ಚರಿಸಿದ್ದರು: ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಹೊಸ ರಸ್ತೆಯೂ ತುಂಬಿಯೇ ತೀರುತ್ತದೆ. 2011ರಲ್ಲಿ ಅರ್ಥಶಾಸ್ತ್ರಜ್ಞರಾದ ಡುರಾಂಟನ್ ಮತ್ತು ಟರ್ನರ್ ಅಮೆರಿಕದ ನಗರಗಳ ಅಂಕಿ ಹಿಡಿದು, ಹೆದ್ದಾರಿ ಎಷ್ಟು ಹೆಚ್ಚಿತೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚಿತೆಂದು ತೋರಿಸಿದರು. ರಸ್ತೆ ಸಲೀಸಾಯಿತೆಂದು ದೂರದಲ್ಲಿ ಮನೆ ಕೊಳ್ಳುತ್ತಾರೆ, ಬಸ್ಸು ಬಿಟ್ಟು ಕಾರು ತೆಗೆಯುತ್ತಾರೆ. ಫ್ಲೈಓವರ್ ಒಂದು ಚೌಕದ ಗೋಳನ್ನು ಮುಂದಿನ ಚೌಕಕ್ಕೆ ದಾಟಿಸುತ್ತದೆ. ಸನತ್‌ನಗರದಿಂದ ಹೊರಬೀಳಲು ಫತೇನಗರದ ಇಕ್ಕಟ್ಟಾದ ಸೇತುವೆಯೇ ಗತಿಯಾದವರಿಗೆ ಬಾಲಾನಗರದ ಸಲೀಸು ಎಲ್ಲಿಗೆ ಬಂದು ನಿಲ್ಲುತ್ತದೆಂದು ಚೆನ್ನಾಗಿ ಗೊತ್ತು.

ಹಳಿಯ ಪಕ್ಷ

ಮಾರಿಷಸ್ ತನ್ನ ರೈಲನ್ನು 1964ರಲ್ಲಿ ಮುಚ್ಚಿತು. ಮೋಟಾರು ಬಂದ ಮೇಲೆ ಪುಟ್ಟ ದ್ವೀಪಕ್ಕೆ ರೈಲೇಕೆ ಎಂಬುದು ಆಗಿನ ತಿಳಿವಳಿಕೆ. ಅರ್ಧ ಶತಮಾನದಲ್ಲಿ ಪೋರ್ಟ್ ಲೂಯಿಯ ರಸ್ತೆಗಳು ಕಟ್ಟಿಕೊಂಡವು. ಬಹುಪಾಲು ಆ ಹಳೆಯ ರೈಲಿನ ಜಾಡಿನಲ್ಲೇ ಹೊಸ ಮೆಟ್ರೊ ಎಕ್ಸ್‌ಪ್ರೆಸ್ ಹಾಕಿ 2019ರಲ್ಲಿ ಉದ್ಘಾಟಿಸಿದರು. ಅದನ್ನು ಕಟ್ಟಿದ್ದು ಹೈದರಾಬಾದ್ ಮೆಟ್ರೊ ಕಟ್ಟಿದ ಎಲ್ ಅಂಡ್ ಟಿ ಕಂಪನಿಯೇ. ಹಳಿ ಕಿತ್ತವರೂ ಕೊನೆಗೆ ಹಳಿಗೇ ಮರಳಿದರು ಎಂಬುದು ಈ ಪಂಥದವರಿಗೆ ದೊಡ್ಡ ಆಧಾರ.

ಹೈದರಾಬಾದಿನ ಹಳಿ ಪಕ್ಷದಲ್ಲಿ ಎರಡು ಒಳಪಂಗಡಗಳಿವೆ. ಇರುವ ಹಳಿಯನ್ನು ಬಳಸಿ ಎನ್ನುವವರದು ಎಂಎಂಟಿಎಸ್. 2003ರ ಆಗಸ್ಟ್‌ನಲ್ಲಿ ಶುರುವಾದಾಗ ರೈಲ್ವೆ ಮತ್ತು ರಾಜ್ಯ ಸರ್ಕಾರ ಅರ್ಧರ್ಧ ಖರ್ಚು ಹಾಕಿದ್ದವು. ಹೊಸ ಜಮೀನು ಅಷ್ಟಾಗಿ ಬೇಕಾಗಲಿಲ್ಲ, ಐದು ರೂಪಾಯಿಗೆ ಟಿಕೆಟ್ ಕೊಡಲು ಸಾಧ್ಯವಾಯಿತು. ಮನೆಗೆಲಸದವರು, ಆಸ್ಪತ್ರೆಯ ಆಯಾಗಳು, ಕಾಲೇಜು ಮಕ್ಕಳು ಅದನ್ನು ತುಂಬಿದರು. ಆದರೆ ಅದೇ ಹಳಿಯ ಮೇಲೆ ದೂರದ ಎಕ್ಸ್‌ಪ್ರೆಸ್ಸುಗಳೂ ಗೂಡ್ಸುಗಳೂ ಓಡಬೇಕು. ಮುಂಬೈ ಗಾಡಿ ತಡವಾದರೆ ಎಂಎಂಟಿಎಸ್ ಸಿಗ್ನಲ್ಲಿನಲ್ಲಿ ನಿಲ್ಲುತ್ತದೆ. ಹತ್ತು ನಿಮಿಷಕ್ಕೊಂದು ಗಾಡಿ ಎಂಬ ಭರವಸೆಯಿಲ್ಲದ ಕಡೆ ಆಫೀಸಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದವನು ಸ್ಕೂಟರ್ ತೆಗೆಯುತ್ತಾನೆ.

ಎಂಎಂಟಿಎಸ್‌ನ ಎರಡನೆಯ ಹಂತಕ್ಕೆ ಸನತ್‌ನಗರದೊಂದಿಗೆ ನೇರ ಸಂಬಂಧವಿತ್ತು. ಇಲ್ಲಿಂದ ಮೌಲಾಲಿಗೆ ಹೋಗುವ 22 ಕಿಲೋಮೀಟರಿನ ಹಳಿ ಬಹುಕಾಲ ಗೂಡ್ಸ್ ಗಾಡಿಗಳ ದಾರಿಯಾಗಿತ್ತು. ಅದನ್ನು ಜೋಡಿ ಹಳಿ ಮಾಡಿ, ವಿದ್ಯುತ್ ಎಳೆದು, ಫಿರೋಜ್‌ಗುಡ, ಸುಚಿತ್ರಾ ಸೆಂಟರ್, ಭೂದೇವಿ ನಗರ, ಅಮ್ಮುಗುಡ, ನೇರೆಡ್‌ಮೆಟ್, ಮೌಲಾಲಿ ಹೌಸಿಂಗ್ ಬೋರ್ಡ್ ಎಂಬ ಆರು ಹೊಸ ನಿಲ್ದಾಣ ಕಟ್ಟಿ 2024ರ ಮಾರ್ಚ್‌ 5ರಂದು ಉದ್ಘಾಟಿಸಿದರು. ಸಿಕಂದರಾಬಾದಿನ ಜಂಜಾಟ ಹೊಕ್ಕದೆ ನಗರದ ಉತ್ತರ ಅಂಚಿನಿಂದ ಪೂರ್ವ ಪಶ್ಚಿಮಗಳನ್ನು ಸೇರಿಸುವ ಹಳಿ ಇದು. ನಕಾಶೆಯ ಮೇಲೆ ಇದಕ್ಕಿಂತ ಒಳ್ಳೆಯ ಯೋಚನೆ ಇಲ್ಲ. ಅದರ ಮೇಲೆ ಓಡುವ ಗಾಡಿಗಳ ಸಂಖ್ಯೆ ಆ ಯೋಚನೆಗೆ ತಕ್ಕಂತಿಲ್ಲ.

ಇನ್ನೊಂದು ಒಳಪಂಗಡ ಮೆಟ್ರೊ. ಅದರ ಇತಿಹಾಸ ಜಮೀನಿನ ಇತಿಹಾಸವೂ ಹೌದು. 2008ರಲ್ಲಿ ಗುತ್ತಿಗೆ ಪಡೆದ, ಸತ್ಯಂ ಕಂಪನಿಯ ಒಡೆಯರ ಕುಟುಂಬದ ಮೈತಾಸ್, ಸರ್ಕಾರದಿಂದ ಹಣ ಬೇಡ, ನಾವೇ ಮೂವತ್ತು ಸಾವಿರ ಕೋಟಿಗೂ ಮೇಲೆ ಕೊಡುತ್ತೇವೆ ಎಂದಿತ್ತು. ರೈಲು ಓಡಿಸಿ ಇಷ್ಟು ಗಳಿಸಲು ಆಗದು, ಇದು ಜಮೀನಿನ ವ್ಯವಹಾರ ಎಂದು ದೆಹಲಿ ಮೆಟ್ರೊದ ಇ. ಶ್ರೀಧರನ್ ಬಹಿರಂಗವಾಗಿ ಆಕ್ಷೇಪಿಸಿದರು. ಸತ್ಯಂ ಹಗರಣದ ಹಿಂದೆಯೇ 2009ರಲ್ಲಿ ಆ ಒಪ್ಪಂದ ಬಿತ್ತು. 2010ರಲ್ಲಿ ಎಲ್ ಅಂಡ್ ಟಿ ಬಂತು. ಅದಕ್ಕೂ 269 ಎಕರೆ ಜಮೀನು ಮತ್ತು ಅದರ ಮೇಲೆ ಕಟ್ಟಡ ಕಟ್ಟುವ ಹಕ್ಕು ಸಿಕ್ಕಿತು. 2017ರ ನವೆಂಬರ್ 28ರಂದು ಮಿಯಾಪುರದಿಂದ ನಾಗೋಲಿಗೆ 30 ಕಿಲೋಮೀಟರ್ ತೆರೆದಾಗ ಎರ್ರಗಡ್ಡ, ಭರತ್‌ನಗರಗಳಿಗೂ ಮೆಟ್ರೊ ಬಂತು. 2020ರ ಫೆಬ್ರವರಿಗೆ ಜಾಲ 69 ಕಿಲೋಮೀಟರ್ ಆಯಿತು. ಮುಂದಿನ ತಿಂಗಳೇ ಕೊರೋನಾದಿಂದ ನಿಂತಿತು. ಸಾಲ ಬೆಳೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ತನ್ನ ಪಾಲನ್ನು ರಾಜ್ಯ ಸರ್ಕಾರಕ್ಕೆ ಬಿಟ್ಟುಕೊಡಲು ತಾತ್ವಿಕವಾಗಿ ಒಪ್ಪಿತು. ಖಾಸಗಿ ಬಂಡವಾಳದಿಂದ ಮೆಟ್ರೊ ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂಬ ವಾದಕ್ಕೆ ಹೈದರಾಬಾದಿನಲ್ಲಿ ಅಲ್ಲಿಗೆ ಪೆಟ್ಟು ಬಿತ್ತು. ಮೆಟ್ರೊ ಬೇಕು ಎಂಬ ವಾದಕ್ಕೆ ಬಿದ್ದ ಪೆಟ್ಟಲ್ಲ ಅದು. ಇವೆರಡನ್ನು ಕಲಸಿ ಮಾತಾಡುವವರು ಎರಡೂ ಕಡೆ ಇದ್ದಾರೆ.

ಬಸ್ಸಿನವರು

ಹಳಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಕೊಟ್ಟರೂ ಮನೆ ಮನೆಗೆ ಬಸ್ಸು ಮುಟ್ಟಿಸಬಹುದು ಎನ್ನುವುದು ಮೂರನೆಯ ಪಂಥ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲಿ, ಸಾಗಬೇಕಾದ್ದು ಜನ, ವಾಹನಗಳಲ್ಲ ಎಂಬ ತತ್ವವಿದೆ. ಅದನ್ನು ಅಕ್ಷರಶಃ ನಂಬಿದವರು ಇವರು. ನಾನು ಮನಸ್ಸಿನಿಂದ ಇವರ ಕಡೆಯವ. ಬಸ್ಸು ದಾರಿ ಬದಲಿಸಬಲ್ಲದು, ಹಳಿ ಬದಲಿಸಲಾರದು. ಆಲ್ವಿನ್ ಮುಚ್ಚಿ ಹೈಟೆಕ್ ಸಿಟಿ ಬೆಳೆಯುವ ಊರಿಗೆ ಅದು ಸಣ್ಣ ಗುಣವಲ್ಲ.

ಇವರೊಳಗೂ ಎರಡು ಮಾತಿದೆ. ಬಸ್ಸಿಗೆ ರಸ್ತೆಯಲ್ಲಿ ಪ್ರತ್ಯೇಕ ಜಾಗ ಕೊಡಿ ಎಂಬುದು ಒಂದು. 2018ರಲ್ಲಿ ಸಂಚಾರ ಶುರು ಮಾಡಿದ ಹುಬ್ಬಳ್ಳಿ–ಧಾರವಾಡದ 22 ಕಿಲೋಮೀಟರಿನ ಚಿಗರಿ ನಮ್ಮವರಿಗೆಲ್ಲ ಗೊತ್ತಿರುವ ಉದಾಹರಣೆ. ಚಿಗರಿಯಲ್ಲಿ ಕೂತವರು ಅದನ್ನು ಹೊಗಳುತ್ತಾರೆ, ಪಕ್ಕದ ರಸ್ತೆಯಲ್ಲಿ ಸಿಕ್ಕಿಕೊಂಡವರು ಬೈಯುತ್ತಾರೆ. ದೆಹಲಿಯಲ್ಲಿ ಬೈಯುವವರೇ ಗೆದ್ದರು. 2008ರಲ್ಲಿ ಹಾಕಿದ ಬಸ್ ಪಥವನ್ನು 2016ರಲ್ಲಿ ಕಿತ್ತರು.

ಬಸ್ಸನ್ನು ಅಗ್ಗ ಮಾಡಿ ಅಥವಾ ಪುಕ್ಕಟೆ ಕೊಡಿ ಎಂಬುದು ಇನ್ನೊಂದು. ಹೆಂಗಸರಿಗೆ ಪುಕ್ಕಟೆ ಬಸ್ಸು ಕೊಡುವ ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು, ತೆಲಂಗಾಣದ ಮಹಾಲಕ್ಷ್ಮಿ ಅದೇ ವರ್ಷದ ಡಿಸೆಂಬರ್ 9ರಂದು ಬಂದವು. ಎರ್ರಗಡ್ಡದ ರೈತು ಬಜಾರಿನ ಮುಂದೆ ಬೆಳಿಗ್ಗೆ ನಿಂತರೆ ಇದರ ಫಲ ಕಣ್ಣಿಗೆ ಕಾಣುತ್ತದೆ. ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದ ಹೆಂಗಸರು ಸಿಟಿ ಆರ್ಡಿನರಿ ಹತ್ತುತ್ತಾರೆ. ಕಂಡಕ್ಟರ್ ಆಧಾರ್ ನೋಡಿ ಮಷೀನಿನಿಂದ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಮುಂಚೆ ಷೇರ್ ಆಟೊಗೆ ಕೊಡುತ್ತಿದ್ದ ದುಡ್ಡು ಚೀಲದಲ್ಲಿ ತರಕಾರಿಯಾಗಿ ಉಳಿದಿರುತ್ತದೆ. ಬೀದರಿನಿಂದ ಮಗಳ ಮನೆಗೆ ಬಂದ ತಾಯಿ ಮಾತ್ರ, “ನಮ್ ಕಡಿ ಫ್ರೀ ಅದ ರೀ” ಎಂದು ಆಧಾರ್ ಚಾಚಿದರೂ ದುಡ್ಡು ಕೊಡಬೇಕು, ಯಾಕೆಂದರೆ ಕಾರ್ಡಿನ ಮೇಲಿನ ವಿಳಾಸ ಕರ್ನಾಟಕದ್ದು.

ಈ ಯೋಜನೆ ಹೆಂಗಸರನ್ನು ಮನೆಯಿಂದ ಹೊರಗೆ ತಂದಿದೆ, ಅದನ್ನು ತೆಗಳುವ ಬಾಯಿ ನನ್ನದಲ್ಲ. ಆದರೆ ಕಾರಿನವರನ್ನು ಇದು ಇಳಿಸಿದೆಯೇ? ಮಾಲ್ಟಾ ದ್ವೀಪ 2022ರ ಅಕ್ಟೋಬರ್‌ನಿಂದ ತನ್ನ ನಿವಾಸಿಗಳಿಗೆ ಬಸ್ಸು ಪುಕ್ಕಟೆ ಮಾಡಿತು. ಅಲ್ಲಿನ ರಸ್ತೆಗಳ ಕಾರಿನ ದಟ್ಟಣೆ ಅದರಿಂದ ಕರಗಲಿಲ್ಲ. ಬಸ್ಸು ಬಿಟ್ಟವರು ಸಾಮಾನ್ಯವಾಗಿ ದರಕ್ಕಾಗಿ ಬಿಟ್ಟವರಲ್ಲ, ಕಾಯಲಾರದೆ ಬಿಟ್ಟವರು. ಶ್ರೀಲಂಕಾದ ಪಾಠ ಬೇರೆ: 1970ರ ದಶಕದ ಕೊನೆಗೆ ಖಾಸಗಿ ಬಸ್ಸುಗಳಿಗೆ ಮತ್ತೆ ಬಾಗಿಲು ತೆರೆದಾಗ ಬಸ್ಸು ಹೆಚ್ಚಿದವು, ಜೊತೆಗೆ ಪ್ರಯಾಣಿಕರಿಗಾಗಿ ರಸ್ತೆಯಲ್ಲೇ ಪೈಪೋಟಿ ನಡೆಯಿತು.

ಕಾರಿಗೆ ಬೆಲೆ ಕಟ್ಟಿ

ಸಿಂಗಪುರ 1975ರ ಜೂನ್‌ನಲ್ಲಿ ನಗರದ ನಡುಭಾಗಕ್ಕೆ ಬೆಳಗಿನ ಹೊತ್ತು ಕಾರು ತರುವವರಿಂದ ದಿನಕ್ಕೆ ಮೂರು ಡಾಲರ್ ವಸೂಲಿ ಶುರು ಮಾಡಿತು. ನಾಲ್ಕು ಜನ ಕೂತ ಕಾರಿಗೆ ವಿನಾಯಿತಿ. 1990ರಿಂದ ಕಾರು ಕೊಳ್ಳುವ ಹಕ್ಕನ್ನೇ ಹರಾಜಿಗಿಟ್ಟಿತು; ಆ ಪತ್ರ ಹತ್ತು ವರ್ಷ ನಡೆಯುತ್ತದೆ. 1998ರಲ್ಲಿ ವಸೂಲಿ ಇಲೆಕ್ಟ್ರಾನಿಕ್ ಆಯಿತು. ರಸ್ತೆ ಎಲ್ಲರ ಸೊತ್ತು, ಅದನ್ನು ದಟ್ಟಣೆಯ ಹೊತ್ತಿನಲ್ಲಿ ಒಬ್ಬನೇ ಕೂತು ಬಳಸುವವನು ಬೆಲೆ ತೆರಲಿ ಎಂಬ ಈ ವಾದ ತರ್ಕದಲ್ಲಿ ಗಟ್ಟಿ. ಅಮೆರಿಕದ ನಗರ ಯೋಜನಾ ತಜ್ಞ ಡೊನಾಲ್ಡ್ ಶೂಪ್ 2005ರ ತಮ್ಮ ಪುಸ್ತಕದಲ್ಲಿ ಪಾರ್ಕಿಂಗಿಗೂ ಇದನ್ನೇ ಅನ್ವಯಿಸಿದರು. ಸನತ್‌ನಗರದ ಒಳರಸ್ತೆಗಳಲ್ಲಿ ಎರಡೂ ಬದಿ ಕಾರು ನಿಂತು ಶಾಲೆಯ ಆಟೊ ಹಾಯಲೂ ಜಾಗವಿಲ್ಲದ್ದನ್ನು ನೋಡಿದರೆ ಶೂಪ್ ಹೇಳಿದ್ದು ಅಮೆರಿಕಕ್ಕೆ ಮಾತ್ರ ಎನ್ನಿಸುವುದಿಲ್ಲ.

ಆದರೆ ದ್ವೀಪದಲ್ಲಿ ಕಾರುಗಳನ್ನು ಎಣಿಸಿ ಬೇಲಿ ಹಾಕಬಹುದು. ಹೈದರಾಬಾದಿನಲ್ಲಿ ಹಕ್ಕು ದುಬಾರಿಯಾದರೆ ಪಕ್ಕದ ಜಿಲ್ಲೆಯಲ್ಲಿ ನೋಂದಣಿ ಮಾಡಿಸಿ ತರುತ್ತಾರೆ. ಮೇಲಾಗಿ ನಮ್ಮ ರಸ್ತೆಯಲ್ಲಿ ಬಹುಪಾಲು ದ್ವಿಚಕ್ರ ವಾಹನ. ಕಾರಿಗೆ ಬೆಲೆ ಕಟ್ಟಿದರೆ ಒಂದು ವರ್ಗಕ್ಕೆ ತಾಗುತ್ತದೆ, ಬೈಕಿಗೆ ಕಟ್ಟಿದರೆ ಡೆಲಿವರಿ ಹುಡುಗನಿಗೆ ತಾಗುತ್ತದೆ. ಬೈಕನ್ನು ಎಲ್ಲಿಡಬೇಕೆಂದು ಈ ಪಂಥ ಇನ್ನೂ ಹೇಳಿಲ್ಲ.

ಕೊಂಡಿ ಎಲ್ಲಿದೆ

ಸಿಂಗಪುರದ ಬಗ್ಗೆ ಮಾತಾಡುವವರು ಕಾರಿನ ಹರಾಜನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1995ರ ಒಂದು ಕೆಲಸ. ರಸ್ತೆ, ರೈಲು, ವಾಹನ ನೋಂದಣಿಗಳನ್ನು ನೋಡುತ್ತಿದ್ದ ನಾಲ್ಕು ಸಂಸ್ಥೆಗಳನ್ನು ಕೂಡಿಸಿ ಒಂದೇ ನೆಲಸಾರಿಗೆ ಪ್ರಾಧಿಕಾರ ಮಾಡಿದರು. 2010ರಿಂದ ಅಲ್ಲಿ ಬಸ್ಸಿನಿಂದ ರೈಲಿಗೆ ಬದಲಿಸಿದರೆ ಹೊಸ ಟಿಕೆಟ್ಟಿನ ದರ ಬೀಳುವುದಿಲ್ಲ, ಒಟ್ಟು ದೂರಕ್ಕೆ ಒಂದೇ ದರ. ಬದಲಿಸುವುದು ಶಿಕ್ಷೆಯಲ್ಲ ಎಂದಾದಾಗ ಮಾತ್ರ ಬಸ್ಸು, ರೈಲು ಒಂದಕ್ಕೊಂದು ಒದಗುತ್ತವೆ.

ಭರತ್‌ನಗರಕ್ಕೆ ಬನ್ನಿ. ಕೆಳಗೆ ಎಂಎಂಟಿಎಸ್ ನಿಲ್ದಾಣ, ಮೇಲೆ ಮೆಟ್ರೊ, ಪಕ್ಕದಲ್ಲಿ ಹೆದ್ದಾರಿಯ ಬಸ್ಸು. ಮೂರೂ ಒಂದು ಕೂಗಳತೆಯಲ್ಲಿವೆ. ಮಂಡಿನೋವಿನ ಹಿರಿಯರು ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಇಳಿದು, ರಸ್ತೆ ಬದಿ ನಡೆದು, ಮತ್ತೆ ಹತ್ತಿ, ಮತ್ತೆ ಸಾಲಿನಲ್ಲಿ ನಿಂತು ಮತ್ತೆ ದುಡ್ಡು ಕೊಡಬೇಕು. ಮೂರು ದರ, ಮೂರು ವೇಳಾಪಟ್ಟಿ. ರೈಲಿಗೆ ಕೇಂದ್ರ, ಬಸ್ಸಿಗೆ ರಾಜ್ಯದ ನಿಗಮ, ಮೆಟ್ರೊಗೆ ಕಂಪನಿ. 1932ರಲ್ಲಿ ಒಂದಾಗಿದ್ದ ಮನೆ ಮೂರು ಹೋಳಾದುದರ ಫಲವನ್ನು ಆ ಹಿರಿಯರ ಮಂಡಿ ಅನುಭವಿಸುತ್ತಿದೆ. ಎಲ್ಲವನ್ನೂ ಜೋಡಿಸಬೇಕಾದ ಏಕೀಕೃತ ಮಹಾನಗರ ಸಾರಿಗೆ ಪ್ರಾಧಿಕಾರ 2008ರಿಂದ ಇದೆ. ಅದಕ್ಕೆ ಸಭೆ ಕರೆಯುವ ಅಧಿಕಾರವಿದೆ, ರೈಲ್ವೆಯ ವೇಳಾಪಟ್ಟಿಯನ್ನಾಗಲಿ ಮೆಟ್ರೊ ದರವನ್ನಾಗಲಿ ಬದಲಿಸುವ ಬಲವಿಲ್ಲ. ಫ್ಲೈಓವರಿಗೆ ಖರ್ಚಾಗುವ ಹಣದಲ್ಲಿ ಒಂದು ಚೂರು ಸಾಕು, ಭರತ್‌ನಗರದಂಥ ಕಡೆ ನೆರಳಿರುವ ಮೇಲ್ದಾರಿ, ಲಿಫ್ಟು, ಒಂದೇ ಟಿಕೆಟ್ಟು ಕೊಡಲು. ಇದಕ್ಕೆ ಶಿಲಾನ್ಯಾಸದ ಕಲ್ಲು ನಿಲ್ಲಿಸುವ ಜಾಗವಿಲ್ಲ ಎಂಬುದೇ ಅಡ್ಡಿಯಾಗಿರಬಹುದೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನೂ ಬಗೆಹರಿಯದ್ದು

ಮೆಟ್ರೊ ಸರ್ಕಾರದ ಕೈಗೆ ಬಂದರೆ ಅದರ ಸಾಲ ಯಾರ ತಲೆಗೆ ಎಂಬುದು ತೀರ್ಮಾನವಾಗಬೇಕು: ಪ್ರಯಾಣಿಕರ ದರಕ್ಕೋ, ಎಂದೂ ಮೆಟ್ರೊ ಹತ್ತದ ಹಳ್ಳಿಯವರ ತೆರಿಗೆಗೋ. 76.4 ಕಿಲೋಮೀಟರಿನ ಎರಡನೆಯ ಹಂತಕ್ಕೆ 24,269 ಕೋಟಿ ರೂಪಾಯಿ ಅಂದಾಜಿಸಿ ರಾಜ್ಯ 2024ರ ನವೆಂಬರ್‌ನಲ್ಲಿ ಕೇಂದ್ರಕ್ಕೆ ಕಳಿಸಿತು. ಆ ಹಣದಲ್ಲಿ ಎಷ್ಟು ಬಸ್ಸು ಬರುತ್ತಿದ್ದವು ಎಂಬ ಬಸ್ಸಿನವರ ಪ್ರಶ್ನೆಯೂ, ಬಸ್ಸು ಅದೇ ಸಿಗ್ನಲ್ಲಿನಲ್ಲಿ ನಿಲ್ಲಬೇಕಲ್ಲ ಎಂಬ ಮೆಟ್ರೊದವರ ಮರುಪ್ರಶ್ನೆಯೂ ಹಾಗೇ ಇವೆ. ಸನತ್‌ನಗರ–ಮೌಲಾಲಿ ಹಳಿಯಲ್ಲಿ ಗೂಡ್ಸ್ ಮೊದಲೋ ಪ್ರಯಾಣಿಕರು ಮೊದಲೋ ಎಂಬುದನ್ನು ಹೈದರಾಬಾದಿನವರು ನಿರ್ಧರಿಸುವಂತಿಲ್ಲ, ಅದು ರೈಲ್ವೆಯ ಮಾತು. ಬೀದರಿನ ಶಕ್ತಿಯನ್ನು ತೆಲಂಗಾಣವೂ, ಜಹೀರಾಬಾದಿನ ಮಹಾಲಕ್ಷ್ಮಿಯನ್ನು ಕರ್ನಾಟಕವೂ ಒಪ್ಪಬೇಕೇ ಎಂಬುದಕ್ಕೆ ಎರಡೂ ನಿಗಮಗಳ ಲೆಕ್ಕಪತ್ರ ಕೂರಬೇಕು. ಗಡಿಯ ಸಂಸಾರಗಳಿಗೆ ಅದು ದೊಡ್ಡ ಮಾತು.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. 2023ರ ಡಿಸೆಂಬರ್‌ನಲ್ಲಿ ಹದಿನಾರರ ಹುಡುಗಿಯೊಬ್ಬಳು ಕಾಲೇಜಿಗೆ ಪುಕ್ಕಟೆ ಬಸ್ಸು ಹತ್ತತೊಡಗಿದಳು ಎನ್ನಿ. ನೌಕರಿ ಸಿಕ್ಕು ಮೊದಲ ಸಂಬಳ ಕೈಗೆ ಬಂದಾಗ ಅವಳು ಬಸ್ಸಿನಲ್ಲೇ ಉಳಿಯುತ್ತಾಳೋ, ಸ್ಕೂಟಿಗೆ ಮುಂಗಡ ಕಟ್ಟುತ್ತಾಳೋ? ಮೇಲಿನ ಯಾವ ಪಂಥದ ಬಳಿಯೂ ಇದಕ್ಕೆ ಈಗ ಉತ್ತರವಿಲ್ಲ. ಅವಳ ಓರಗೆಯವರು ಸಂಬಳ ಎಣಿಸುವ ಹೊತ್ತಿಗೆ ಸನತ್‌ನಗರದ ಸ್ಟಾಪಿಗೆ ಎಷ್ಟು ನಿಮಿಷಕ್ಕೊಂದು ಬಸ್ಸು ಬರುತ್ತಿರುತ್ತದೆ ಎಂಬುದರ ಮೇಲೆ ಅದು ನಿಂತಿದೆ.